ಅರ್ಧ ಪಾಲಿನವರು ಕಟ್ಟಿದ ಚೆಲುವು

ಇಟಲಿಯ ಟಸ್ಕನಿ ಪ್ರಾಂತದ ದಕ್ಷಿಣ ಭಾಗದಲ್ಲಿ ಪಿಯೆಂಜಾ ಎಂಬ ಪುಟ್ಟ ಊರಿದೆ. ಅದರ ಕೋಟೆಗೋಡೆಯ ಅಂಚಿನಲ್ಲಿ ಒಂದು ಕಾಲುದಾರಿ. ವಸಂತದ ಮುಂಜಾನೆ ಅಲ್ಲಿ ನಿಂತ ಪ್ರವಾಸಿಗನಿಗೆ ಮೊದಲು ಕಾಣುವುದು ಕಣಿವೆ ತುಂಬ ಹರಡಿದ ಮಂಜು ಮಾತ್ರ. ಬಿಸಿಲೇರಿದಂತೆ ಆ ಮಂಜಿನೊಳಗಿಂದ ದಿಬ್ಬಗಳು ಒಂದೊಂದಾಗಿ ತಲೆಯೆತ್ತುತ್ತವೆ. ಹಸಿರು ಗೋಧಿಯ ಹೊಲಗಳು, ಬೂದಿಬಣ್ಣದ ಆಲಿವ್ ತೋಪುಗಳು, ನೆಟ್ಟಗೆ ನಿಂತ ಸೈಪ್ರೆಸ್ ಮರಗಳ ಸಾಲು. ಇವೆಲ್ಲದರ ಹಿಂದೆ 1738 ಮೀಟರ್ ಎತ್ತರದ ಅಮಿಯಾತಾ ಪರ್ವತ, ಬಹು ಹಿಂದೆಯೇ ಆರಿಹೋದ ಜ್ವಾಲಾಮುಖಿ. ಒಂದೊಂದು ದಿಬ್ಬದ ನೆತ್ತಿಯ ಮೇಲೂ ಒಂದೊಂದು ಒಂಟಿ ಕಲ್ಲುಮನೆ. ಇದೇ ಓರ್ಚಾ ನದಿಯ ಕಣಿವೆ. ಇಟಲಿಯವರು ಇದನ್ನು ‘ವಾಲ್ ದೋರ್ಚಾ’ ಎನ್ನುತ್ತಾರೆ.

ಈ ನೋಟವನ್ನು ಕಾಣದವರು ವಿರಳ. ಗೋಡೆಯ ಕ್ಯಾಲೆಂಡರುಗಳಲ್ಲಿ, ಬಿಸ್ಕತ್ತಿನ ಡಬ್ಬಗಳ ಮೇಲೆ, ಚಲನಚಿತ್ರಗಳಲ್ಲಿ ಇದು ಲೋಕವನ್ನೆಲ್ಲ ಸುತ್ತಿ ಬಂದಿದೆ. 2004ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಂದವರೆಲ್ಲರೂ ಪ್ರಕೃತಿಮಾತೆಯ ಕೈಚಳಕವನ್ನು ಕೊಂಡಾಡಿ ಹೋಗುತ್ತಾರೆ. ಆದರೆ ಇಲ್ಲಿ ಪ್ರಕೃತಿಯು ಕೊಟ್ಟದ್ದು ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಜಾರುವ ಜೇಡಿಮಣ್ಣು. ಅದನ್ನು ಹೊಲವಾಗಿ, ತೋಪಾಗಿ, ದಾರಿಯಾಗಿ ಮಾಡಿದವರು ಬೇರೆ ಇದ್ದರು. ಅವರ ಕಥೆಯನ್ನು ಅರಿತು ನೋಡಿದಾಗ ಈ ಚೆಲುವು ಬೇರೆಯೇ ಬಗೆಯಲ್ಲಿ ಕಾಣುತ್ತದೆ.

ಸಿಯೇನಾದ ಗೋಡೆಚಿತ್ರ

ಈ ಸೀಮೆಗೆ ಬರುವವರು ಸಾಮಾನ್ಯವಾಗಿ ಫ್ಲಾರೆನ್ಸ್ ನಗರದಿಂದ ಬಸ್ಸು ಹಿಡಿದು, ಸುಮಾರು ಎಪ್ಪತ್ತು ಕಿಲೋಮೀಟರ್ ದಕ್ಷಿಣಕ್ಕಿರುವ ಸಿಯೇನಾಕ್ಕೆ ಬಂದಿಳಿಯುತ್ತಾರೆ. ಕೆಂಪು ಇಟ್ಟಿಗೆಯ ಈ ಊರಿನ ನಡುವೆ ಚಿಪ್ಪಿನಾಕಾರದ ದೊಡ್ಡ ಚೌಕ; ಚೌಕದ ತಗ್ಗಿನಲ್ಲಿ ಹಳೆಯ ಗಣರಾಜ್ಯದ ಆಡಳಿತ ಭವನ. ಅದರ ಒಂದು ಕೋಣೆಯ ಗೋಡೆಗಳ ಮೇಲೆ ಅಂಬ್ರೋಜಿಯೊ ಲೊರೆಂಜೆತ್ತಿ ಎಂಬ ಕಲಾವಿದನು 1338-39ರಲ್ಲಿ ಬರೆದ ಚಿತ್ರಗಳಿವೆ. ಒಳ್ಳೆಯ ಆಡಳಿತದಿಂದ ನಾಡು ಹೇಗಿರುತ್ತದೆ, ಕೆಟ್ಟ ಆಡಳಿತದಿಂದ ಹೇಗಾಗುತ್ತದೆ ಎಂಬುದೇ ಅವುಗಳ ವಸ್ತು. ಊರನ್ನಾಳುವವರು ಸಭೆ ಸೇರುತ್ತಿದ್ದ ಕೋಣೆಯಲ್ಲಿ, ಅವರ ಕಣ್ಣೆದುರಿಗೇ ಇರಲೆಂದು ಬರೆಯಿಸಿದ ಚಿತ್ರಗಳಿವು.

ಒಳ್ಳೆಯ ಆಡಳಿತದ ಚಿತ್ರದಲ್ಲಿ ಊರಬಾಗಿಲು ತೆರೆದಿದೆ. ಸಿರಿವಂತರು ಕುದುರೆಯೇರಿ ಬೇಟೆಗೆ ಹೊರಟಿದ್ದಾರೆ. ಅದೇ ದಾರಿಯಲ್ಲಿ ರೈತನೊಬ್ಬನು ಬಿಳಿಪಟ್ಟೆಯ ಹಂದಿಯನ್ನು ಹೊಡೆದುಕೊಂಡು ಊರಿನ ಕಡೆಗೆ ಬರುತ್ತಿದ್ದಾನೆ. ಆಚೆಗೆ ಉಳುವವರು, ಬಿತ್ತುವವರು, ತೆನೆ ಬಡಿಯುವವರು. ಇವರೆಲ್ಲರ ಮೇಲೆ ‘ಭದ್ರತೆ’ ಎಂಬ ರೆಕ್ಕೆಯುಳ್ಳ ಸ್ತ್ರೀ ತೇಲುತ್ತಿದ್ದಾಳೆ. ಅವಳ ಒಂದು ಕೈಯಲ್ಲಿ ಬರಹದ ಸುರುಳಿ, ಇನ್ನೊಂದರಲ್ಲಿ ಕಳ್ಳನನ್ನು ನೇತುಹಾಕಿದ ಗಲ್ಲುಮರ. ಪಾಶ್ಚಾತ್ಯ ಚಿತ್ರಕಲೆಯಲ್ಲಿ ಹಳ್ಳಿಗಾಡನ್ನು ಇಷ್ಟು ವಿಸ್ತಾರವಾಗಿ ಬರೆದ ಚಿತ್ರ ಅದಕ್ಕೆ ಮೊದಲು ಅಪರೂಪ. ಹತ್ತು ವರ್ಷ ಕಳೆಯುವ ಮೊದಲೇ, 1348ರಲ್ಲಿ, ಪ್ಲೇಗು ಬಂದು ಸಿಯೇನಾದ ಬೆನ್ನು ಮುರಿಯಿತು. 1339ರಲ್ಲಿ ಆರಂಭಿಸಿದ ಮಹಾದೇವಾಲಯದ ವಿಸ್ತರಣೆ ಅರ್ಧಕ್ಕೇ ನಿಂತಿತು. ಅದರ ಒಂಟಿ ಗೋಡೆ ಇಂದಿಗೂ ಹಾಗೆಯೇ ನಿಂತಿದೆ. ಲೊರೆಂಜೆತ್ತಿಯೂ ಆ ಪಿಡುಗಿನಲ್ಲಿಯೇ ತೀರಿಕೊಂಡನೆಂದು ನಂಬಲಾಗಿದೆ.

ಚಿತ್ರದಲ್ಲಿರುವ ರೈತರ ಮುಖಗಳಲ್ಲಿ ದುಗುಡವಿಲ್ಲ. ಆದರೆ ಬಡಿದ ತೆನೆಯ ಕಾಳು ಯಾರ ಮನೆಗೆ ಎಷ್ಟು ಹೋಗುತ್ತಿತ್ತು ಎಂಬುದನ್ನು ಚಿತ್ರ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ದಕ್ಷಿಣದ ಬಸ್ಸು ಹಿಡಿದು ಬುವೊನ್‌ಕೊನ್ವೆಂತೊ ಎಂಬ ಸಣ್ಣ ಊರಿನಲ್ಲಿ ಇಳಿಯಬೇಕು.

ಕಣದಲ್ಲಿ ಎರಡು ರಾಶಿ

ಕೆಂಪು ಗೋಡೆಗಳಿಂದ ಸುತ್ತುವರಿದ ಬುವೊನ್‌ಕೊನ್ವೆಂತೊದಲ್ಲಿ 1313ರಲ್ಲಿ ಜರ್ಮನ್ ಚಕ್ರವರ್ತಿ ಏಳನೆಯ ಹೆನ್ರಿ ಕೊನೆಯುಸಿರೆಳೆದನು. ಇಂದು ಅದಕ್ಕಿಂತ ದೊಡ್ಡ ಸಂಗತಿಯೊಂದನ್ನು ಇಲ್ಲಿನ ವಸ್ತುಸಂಗ್ರಹಾಲಯ ಕಾಪಾಡಿಕೊಂಡಿದೆ. ಅದು ‘ಮೆತ್ಸದ್ರಿಯಾ’ ಪದ್ಧತಿಯ ಸಂಗ್ರಹಾಲಯ. ನಮ್ಮ ಕಡೆಯ ಕೋರು ಸಾಗುವಳಿಯನ್ನು ಹೋಲುವ ಈ ಪದ್ಧತಿ ಹದಿಮೂರು-ಹದಿನಾಲ್ಕನೆಯ ಶತಮಾನಗಳಲ್ಲಿ ಟಸ್ಕನಿಯಲ್ಲಿ ಹಬ್ಬಿ, ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಬಾಳಿತು.

ಕರಾರು ಕೇಳುವುದಕ್ಕೆ ಸರಳ. ಭೂಮಿ ಮತ್ತು ಮನೆ ಒಡೆಯನದು. ದುಡಿಮೆ ಒಕ್ಕಲಿನ ಕುಟುಂಬದ್ದು. ಬೆಳೆದದ್ದರಲ್ಲಿ ಇಬ್ಬರಿಗೂ ಅರ್ಧರ್ಧ. ಗೋಧಿ, ದ್ರಾಕ್ಷಾರಸ, ಎಣ್ಣೆ, ಕರು, ಎಲ್ಲವೂ ಎರಡು ಪಾಲು. ಕರಾರಿಗೆ ಬದ್ಧನಾದವನು ಒಬ್ಬನೇ ಅಲ್ಲ, ಇಡೀ ಕುಟುಂಬ. ಅದರ ಹಿರಿಯನನ್ನು ‘ಕಪೋಚ್ಚ’ ಎನ್ನುತ್ತಿದ್ದರು. ಒಲೆ, ಕೋಳಿ, ಹಿತ್ತಿಲುಗಳ ಆಡಳಿತ ‘ಮಸ್ಸಾಯ’ ಎಂಬ ಹಿರಿಯ ಹೆಂಗಸಿನದು. ಒಡೆಯನು ಸಾಮಾನ್ಯವಾಗಿ ನಗರವಾಸಿ. ಅವನ ಪರವಾಗಿ ಲೆಕ್ಕ ಬರೆಯುವ ಪಾರುಪತ್ತೇಗಾರನೇ ಒಕ್ಕಲಿನ ಪಾಲಿಗೆ ಸರ್ಕಾರ. ಅಕ್ಷರ ಬಾರದ ಕಪೋಚ್ಚನಿಗೆ ಅವನ ಪುಸ್ತಕದಲ್ಲಿ ಬರೆದದ್ದೇ ಸತ್ಯ. ಹಬ್ಬಹುಣ್ಣಿಮೆಗಳಲ್ಲಿ ಒಡೆಯನ ಮನೆಗೆ ಕೋಳಿ, ಮೊಟ್ಟೆಗಳ ಕಾಣಿಕೆ ಬೇರೆ ಸಲ್ಲಬೇಕಾಗಿತ್ತು. ಮನೆಯಲ್ಲಿ ಮದುವೆ ಮಾಡಬೇಕಾದರೂ ಒಡೆಯನ ಒಪ್ಪಿಗೆ ಪಡೆಯಬೇಕೆಂದು ಎಷ್ಟೋ ಕರಾರುಗಳು ಹೇಳುತ್ತಿದ್ದವು. ಮದುವೆಯೆಂದರೆ ದುಡಿಯುವ ಕೈಗಳ ಮತ್ತು ಉಣ್ಣುವ ಬಾಯಿಗಳ ಲೆಕ್ಕ ಬದಲಾಗುವುದು ತಾನೆ!

ಪ್ರವಾಸಿಗನ ಕಣ್ಣು ಸೆಳೆಯುವ ಆ ಒಂಟಿ ಮನೆಗಳ ಗುಟ್ಟು ಈ ಕರಾರಿನಲ್ಲಿಯೇ ಇದೆ. ಒಕ್ಕಲು ಊರೊಳಗೆ ಇರುವಂತಿಲ್ಲ. ತಾನು ಉಳುವ ಭೂಮಿಯ ಮೇಲೆಯೇ ವಾಸಿಸಬೇಕು. ಆದುದರಿಂದಲೇ ಹಿಡುವಳಿಗೊಂದು ಮನೆ. ಕೆಳಗೆ ಬಿಳಿ ಎತ್ತುಗಳ ಕೊಟ್ಟಿಗೆ, ಮೇಲೆ ಕುಟುಂಬ, ಹೊರಗಿನಿಂದ ಹತ್ತುವ ಕಲ್ಲು ಮೆಟ್ಟಿಲು. ಚಳಿಗಾಲದಲ್ಲಿ ಎತ್ತುಗಳ ಉಸಿರೇ ಮೇಲಿನವರಿಗೆ ಬಿಸಿ. ಒಂದೇ ಹಿಡುವಳಿಯಲ್ಲಿ ಎರಡು ಮನೆಗಳಿಗಾಗುವಷ್ಟು ಎಲ್ಲವೂ ಬೆಳೆಯಬೇಕಾಗಿದ್ದುದರಿಂದ ಗೋಧಿ, ಆಲಿವ್, ದ್ರಾಕ್ಷಿ, ಮೇವು ಎಲ್ಲವೂ ಅಕ್ಕಪಕ್ಕದಲ್ಲಿಯೇ ಇದ್ದವು. ಅನೇಕ ಕಡೆ ದ್ರಾಕ್ಷಿಯ ಬಳ್ಳಿಯನ್ನು ಮರಗಳಿಗೆ ಹಬ್ಬಿಸಿ, ಸಾಲುಗಳ ನಡುವೆ ಗೋಧಿ ಬಿತ್ತುತ್ತಿದ್ದರು. ಬಣ್ಣಬಣ್ಣದ ಕೌದಿಯಂತಹ ಆ ನೆಲ ಯಾವ ಕಲಾವಿದನ ಕಲ್ಪನೆಯೂ ಅಲ್ಲ. ಅರ್ಧ ಪಾಲಿನಲ್ಲಿ ವರ್ಷ ನೂಕಬೇಕಾದವರ ಲೆಕ್ಕಾಚಾರ.

ಪೋಪನ ಊರು, ಕುರುಬರ ಗಿಣ್ಣು

ಬುವೊನ್‌ಕೊನ್ವೆಂತೊದಿಂದ ಮುಂದಕ್ಕೆ ಹೋಗುವ ದಾರಿಗೆ ಉತ್ತರ ಯುರೋಪಿನ ಯಾತ್ರಿಕರು ರೋಮಿಗೆ ನಡೆದುಹೋಗುತ್ತಿದ್ದ ಹಳೆಯ ಮಾರ್ಗ ಜೊತೆಯಾಗುತ್ತದೆ. ಸುಮಾರು 990ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕನು ರೋಮಿನಿಂದ ಹಿಂದಿರುಗುವಾಗ ತಂಗಿದ ಊರುಗಳ ಪಟ್ಟಿಯಲ್ಲಿ ಸಾನ್ ಕ್ವಿರಿಕೊ ಕೂಡ ಇದೆ. ಅದರ ಸಮೀಪದ ಬಾನ್ಯೊ ವಿನ್ಯೋನಿಯಲ್ಲಿ ಊರಚೌಕವಿರಬೇಕಾದ ಸ್ಥಳದಲ್ಲಿ ಬಿಸಿನೀರಿನ ದೊಡ್ಡ ಪುಷ್ಕರಿಣಿಯೇ ಇದೆ. ಚಳಿಗಾಲದ ಬೆಳಿಗ್ಗೆ ಸುತ್ತಲಿನ ಮನೆಗಳೆಲ್ಲ ಹಬೆಯಲ್ಲಿ ಮುಳುಗಿರುತ್ತವೆ. ಆ ಕೊಳದಲ್ಲಿ ಈಗ ಸ್ನಾನ ನಿಷಿದ್ಧ. ಕಟ್ಟೆಯ ಮೇಲೆ ಕುಳಿತು ನೋಡುವುದೇ ಭಾಗ್ಯ.

ಪಿಯೆಂಜಾದ ಮೊದಲ ಹೆಸರು ಕೊರ್ಸಿನ್ಯಾನೊ. 1405ರಲ್ಲಿ ಅಲ್ಲಿ ಹುಟ್ಟಿದ ಎನೆಯ ಸಿಲ್ವಿಯೊ ಪಿಕ್ಕೊಲೊಮಿನಿ ಎಂಬ ವಿದ್ವಾಂಸನು 1458ರಲ್ಲಿ ಎರಡನೆಯ ಪಿಯುಸ್ ಎಂಬ ಹೆಸರಿನಿಂದ ಪೋಪನಾದನು. ಮರುವರ್ಷ ಈ ದಾರಿಯಲ್ಲಿ ಬರುವಾಗ ತನ್ನ ಹುಟ್ಟೂರಿನ ಬಡತನವನ್ನು ಕಂಡು, ಬೆರ್ನಾರ್ದೊ ರೊಸ್ಸೆಲ್ಲಿನೊ ಎಂಬ ವಾಸ್ತುಶಿಲ್ಪಿಯನ್ನು ಕರೆಯಿಸಿ, ಮೂರು-ನಾಲ್ಕು ವರ್ಷಗಳಲ್ಲಿ ದೇವಾಲಯ, ಅರಮನೆ, ಚೌಕಗಳನ್ನು ಕಟ್ಟಿಸಿ ಊರಿಗೆ ತನ್ನ ಹೆಸರನ್ನೇ ಇಟ್ಟನು. ವೆಚ್ಚವು ಅಂದಾಜನ್ನು ಎಷ್ಟೋ ಪಾಲು ಮೀರಿತು. ಶಿಲ್ಪಿಯು ನಡುಗುತ್ತ ಬಂದಾಗ ಪೋಪನು ಬೈಯುವ ಬದಲು, ನಿಜವಾದ ಅಂದಾಜು ಕೊಟ್ಟಿದ್ದರೆ ಈ ಊರು ಏಳುತ್ತಲೇ ಇರಲಿಲ್ಲವೆಂದು ಅವನನ್ನು ಹೊಗಳಿ ಕಳುಹಿಸಿದನಂತೆ. ಈ ಪ್ರಸಂಗವನ್ನು ಪೋಪನು ತನ್ನ ನೆನಪುಗಳಲ್ಲಿ ತಾನೇ ದಾಖಲಿಸಿದ್ದಾನೆ. ಅರಮನೆಯ ಹಿಂಬದಿಯ ಮೊಗಸಾಲೆಗಳು ಕಣಿವೆಗೆ ಮುಖಮಾಡಿವೆ. ಕಣಿವೆಯನ್ನು ಕುಳಿತು ನೋಡುವುದಕ್ಕೆಂದೇ ಕಟ್ಟಿದವು ಅವು. ಮೇಲಿನಿಂದ ನೋಡುವವರಿಗೆ ಅಂದಿನಿಂದಲೂ ಇದು ಸೊಗಸಾದ ದೃಶ್ಯವೇ.

ಈ ಊರಿನ ಬೀದಿಗಳಲ್ಲಿ ಕಾಲಿಟ್ಟರೆ ಮೂಗಿಗೆ ಬಡಿಯುವುದು ಗಿಣ್ಣಿನ ವಾಸನೆ. ಕುರಿಯ ಹಾಲಿನ ‘ಪೆಕೊರಿನೊ’ ಎಂಬ ಈ ಗಟ್ಟಿ ಗಿಣ್ಣನ್ನು ಅಂಗಡಿಗಳ ಮುಂದೆ ಒಂದರ ಮೇಲೊಂದಾಗಿ ಪೇರಿಸಿರುತ್ತಾರೆ. ಇದು ಪ್ರಾಚೀನ ಕಾಲದಿಂದಲೂ ಇಲ್ಲಿಯದೆಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ಆದರೆ ಇಂದಿನ ಹೇರಳವಾದ ಗಿಣ್ಣಿನ ಹಿಂದೆ ಇನ್ನೊಂದು ಸಂಗತಿಯಿದೆ. 1950-60ರ ದಶಕಗಳಲ್ಲಿ ಒಕ್ಕಲುಗಳು ಬಿಟ್ಟುಹೋದ ಹೊಲಗಳು ಪಾಳುಬಿದ್ದಾಗ, ಸಮುದ್ರದಾಚೆಯ ಸಾರ್ಡೀನಿಯಾ ದ್ವೀಪದ ಕುರುಬರು ತಮ್ಮ ಮಂದೆಗಳೊಡನೆ ಇಲ್ಲಿಗೆ ಬಂದು ನೆಲೆಸಿದರು. ಒಬ್ಬರು ತೊರೆದ ಮನೆ ಇನ್ನೊಬ್ಬರಿಗೆ ಬದುಕಾಯಿತು.

ಅಂಕುಡೊಂಕಿನ ದಾರಿ

ಒಕ್ಕಲುಗಳು ಹೊರಟದ್ದೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಲಾ ಫೋಚೆ ಎಂಬ ಎಸ್ಟೇಟಿನ ಕಡೆಗೆ ನಡೆಯಬೇಕು. ದಿಬ್ಬವೊಂದರ ಮೈಮೇಲೆ ಬಿಳಿಯ ದಾರಿಯೊಂದು ಹಾವಿನಂತೆ ಹೊರಳುತ್ತ ಏರುತ್ತದೆ. ತಿರುವುಗಳ ಉದ್ದಕ್ಕೂ ಸೈಪ್ರೆಸ್ ಮರಗಳು. ಟಸ್ಕನಿಯ ಅತಿ ಪ್ರಸಿದ್ಧ ನೋಟಗಳಲ್ಲಿ ಇದೂ ಒಂದು. ನೋಡಿದವರು ಪ್ರಾಚೀನ ಕಾಲದ್ದೆಂದೇ ಭಾವಿಸುತ್ತಾರೆ. ವಾಸ್ತವವಾಗಿ ಇದು ಇಪ್ಪತ್ತನೆಯ ಶತಮಾನದ ಕೆಲಸ. ಐರಿಸ್ ಒರಿಗೊ ಎಂಬ ಆಂಗ್ಲೋ-ಅಮೆರಿಕನ್ ಲೇಖಕಿಯೂ ಆಕೆಯ ಇಟಾಲಿಯನ್ ಪತಿ ಆಂತೋನಿಯೊ ಒರಿಗೊ ಅವರೂ 1924ರ ಸುಮಾರಿಗೆ ಇಲ್ಲಿಗೆ ಬಂದಾಗ ಇದು ಮಣ್ಣು ಕೊಚ್ಚಿಹೋದ ಬೋಳುನೆಲ. ಅವರು ದಾರಿಗಳನ್ನು ಹಾಕಿಸಿ, ಹಿಡುವಳಿಗಳನ್ನು ಸರಿಪಡಿಸಿ, ಒಕ್ಕಲುಗಳ ಮಕ್ಕಳಿಗೆ ಶಾಲೆಯನ್ನೂ ಜನರಿಗೆ ಚಿಕಿತ್ಸಾಲಯವನ್ನೂ ತೆರೆದರು.

ಎರಡನೆಯ ಮಹಾಯುದ್ಧದಲ್ಲಿ ನಗರಗಳ ಮೇಲೆ ಬಾಂಬು ಬಿದ್ದಾಗ ಅಲ್ಲಿಂದ ಬಂದ ನಿರಾಶ್ರಿತ ಮಕ್ಕಳಿಗೆ ಈ ಮನೆಯಲ್ಲಿ ಆಶ್ರಯ ದೊರೆಯಿತು. ಸೆರೆಯಿಂದ ತಪ್ಪಿಸಿಕೊಂಡ ಮಿತ್ರಪಕ್ಷದ ಸೈನಿಕರಿಗೂ ಇಲ್ಲಿ ನೆರವು ಸಿಕ್ಕಿತು. ಒಕ್ಕಲಿನ ಮನೆಯವರು ಸಿಕ್ಕಿಬಿದ್ದರೆ ಪ್ರಾಣ ಹೋಗುವುದೆಂದು ತಿಳಿದೂ ಇವರನ್ನು ಬಚ್ಚಿಟ್ಟು, ತಮ್ಮ ರೊಟ್ಟಿಯಲ್ಲಿ ಪಾಲು ಕೊಟ್ಟರು. ಅರ್ಧದಲ್ಲಿಯೇ ಬದುಕುತ್ತಿದ್ದವರು ಆ ಅರ್ಧವನ್ನೂ ಹಂಚಿಕೊಂಡರೆಂಬುದನ್ನು ಮರೆಯುವಂತಿಲ್ಲ. 1944ರ ಜೂನಿನಲ್ಲಿ ಯುದ್ಧವು ಅಂಗಳಕ್ಕೇ ಬಂದಾಗ ಐರಿಸ್ ಒರಿಗೊ ಮಕ್ಕಳನ್ನೆಲ್ಲ ಕರೆದುಕೊಂಡು, ಗುಂಡಿನ ಸದ್ದಿನ ನಡುವೆ ಮೊಂತೆಪುಲ್ಚಾನೊ ಊರಿನವರೆಗೂ ಕಾಲ್ನಡಿಗೆಯಲ್ಲಿ ಹೋದರು. ಆ ದಿನಗಳ ಆಕೆಯ ದಿನಚರಿ 1947ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು.

ಯುದ್ಧ ಮುಗಿದ ಮೇಲೆ ಒಕ್ಕಲುಗಳು ಮೊದಲಿನಂತೆ ತಲೆಬಾಗಿ ನಿಲ್ಲಲು ಸಿದ್ಧರಿರಲಿಲ್ಲ. ಚಳವಳಿಗಳಾದವು. ಪ್ರಧಾನಿ ದೆ ಗಾಸ್ಪೆರಿ ಅವರ ತೀರ್ಪಿನಂತೆ ರೈತನ ಪಾಲು ನೂರಕ್ಕೆ 53 ಆಯಿತು; 1964ರ ಶಾಸನವು ಅದನ್ನು 58ಕ್ಕೆ ಏರಿಸಿ, ಹೊಸ ಮೆತ್ಸದ್ರಿಯಾ ಕರಾರುಗಳನ್ನು ನಿಷೇಧಿಸಿತು. 1982ರ ಶಾಸನ ಉಳಿದವುಗಳನ್ನು ಗೇಣಿಗೆ ಮಾರ್ಪಡಿಸಲು ದಾರಿಮಾಡಿತು. ಆದರೆ ನ್ಯಾಯ ಮನೆಬಾಗಿಲಿಗೆ ಬರುವ ಹೊತ್ತಿಗೆ ಮನೆಯೇ ಖಾಲಿಯಾಗುತ್ತಿತ್ತು. ಎಷ್ಟೋ ಮನೆಗಳಿಗೆ ವಿದ್ಯುತ್ತಿರಲಿಲ್ಲ, ನಲ್ಲಿಯ ನೀರಿರಲಿಲ್ಲ. 1956ರ ಫೆಬ್ರವರಿಯ ಹಿಮಗಾಳಿಗೆ ಆಲಿವ್ ಮರಗಳು ಸುಟ್ಟುಹೋದವು. ಪಟ್ಟಣದ ಕಾರ್ಖಾನೆಯಲ್ಲಿ ತಿಂಗಳ ಸಂಬಳ ಕಾಯುತ್ತಿತ್ತು. ಉಳುವವನನ್ನು ಮದುವೆಯಾಗಲು ಹುಡುಗಿಯರೂ ಒಪ್ಪದಾದರು. ಗಾಡಿಗೆ ಹಾಸಿಗೆ ಪಾತ್ರೆಗಳನ್ನು ಹೇರಿಕೊಂಡು ಒಂದೊಂದೇ ಕುಟುಂಬ ದಿಬ್ಬವಿಳಿದು ಹೋಯಿತು.

ಅವರ ಹಿಂದೆಯೇ ಟ್ರಾಕ್ಟರುಗಳು ಬಂದವು. ಬದುಗಳು ಹೋದವು, ಬಳ್ಳಿ ಹಬ್ಬಿದ ಮರಗಳು ಹೋದವು, ತುಂಡು ತುಂಡಾಗಿದ್ದ ಹೊಲಗಳು ಒಂದಾದವು. ಇಂದು ಚಿತ್ರಗ್ರಾಹಕರು ಮುಗಿಬಿದ್ದು ಸೆರೆಹಿಡಿಯುವ ಕೊನೆಮೊದಲಿಲ್ಲದ ಆ ಗೋಧಿಯ ಅಲೆಗಳಲ್ಲಿ ಬಹಳಷ್ಟು ಹೀಗೆ ಹುಟ್ಟಿದವು. ಅಲ್ಲಿ ಜನರಿಲ್ಲದಿರುವುದೇ ಆ ನಿಶ್ಶಬ್ದ ಸೌಂದರ್ಯದ ಒಂದು ಕಾರಣ.

ಕೊಟ್ಟಿಗೆಯಲ್ಲಿ ಅತಿಥಿ

ಖಾಲಿಯಾದ ಮನೆಗಳು ಬಹುಕಾಲ ಖಾಲಿ ಉಳಿಯಲಿಲ್ಲ. ರೋಮ್, ಮಿಲಾನ್ ನಗರಗಳ ಸ್ಥಿತಿವಂತರೂ, ಇಂಗ್ಲೆಂಡ್, ಜರ್ಮನಿಗಳ ರಸಿಕರೂ ಅವನ್ನು ಕೊಂಡು ದುರಸ್ತಿ ಮಾಡಿಸಿದರು. 1985ರಲ್ಲಿ ಬಂದ ಶಾಸನವೊಂದು ರೈತರು ತಮ್ಮ ಹೊಲಮನೆಗಳಲ್ಲಿ ಪ್ರವಾಸಿಗರನ್ನು ಇಳಿಸಿಕೊಳ್ಳುವುದನ್ನು ಕ್ರಮಬದ್ಧಗೊಳಿಸಿತು. ‘ಅಗ್ರಿತುರಿಸ್ಮೊ’ ಎಂಬ ಈ ವ್ಯವಸ್ಥೆ ಉಳಿದ ರೈತರಲ್ಲಿ ಅನೇಕರನ್ನು ಉಳಿಸಿತೆಂಬುದೂ ನಿಜ. ಇಂತಹ ಮನೆಯೊಂದರಲ್ಲಿ ತಂಗುವ ಅತಿಥಿ ಎತ್ತುಗಳ ಕೊಟ್ಟಿಗೆಯಾಗಿದ್ದ ಅಂಗಳದ ಕೋಣೆಯಲ್ಲಿ ಮಲಗುತ್ತಾನೆ. ಊಟಕ್ಕೆ ಉಪ್ಪಿಲ್ಲದ ಟಸ್ಕನಿಯ ರೊಟ್ಟಿ, ಹೊಸ ಎಣ್ಣೆ, ಹಿಟ್ಟು ನೀರು ಮಾತ್ರ ಕಲೆಸಿ ಅಂಗೈಯಲ್ಲಿ ಹೊಸೆದ ‘ಪಿಚಿ’ ಎಂಬ ದಪ್ಪ ಶಾವಿಗೆ. ಮೊಟ್ಟೆಯನ್ನು ಮಾರಿ ಕಾಸು ಮಾಡಿಕೊಳ್ಳಬೇಕಾಗಿದ್ದ ಬಡವರ ಮನೆಯ ಅಡುಗೆಯಿದು. ಇಂದು ದುಬಾರಿ ಭೋಜನಶಾಲೆಗಳಲ್ಲಿ ಮರ್ಯಾದೆಯ ಸ್ಥಾನ ಪಡೆದಿದೆ.

ಕಣಿವೆಯಲ್ಲಿ ಒಂದು ರೈಲುದಾರಿಯೂ ಇದೆ. ಆಸ್ಚಾನೊದಿಂದ ಮೊಂತೆ ಆಂತಿಕೊವರೆಗಿನ ಈ ದಾರಿಯಲ್ಲಿ ದಿನನಿತ್ಯದ ಗಾಡಿಗಳು 1994ರಲ್ಲಿ ನಿಂತವು. ಗೊತ್ತಾದ ಕೆಲವು ದಿನಗಳಲ್ಲಿ ಮಾತ್ರ ವಿಹಾರಿಗಳನ್ನು ಹೊತ್ತ ಹಳೆಯ ಉಗಿಬಂಡಿ ಹೊಗೆಯುಗುಳುತ್ತ ಸಾಗುತ್ತದೆ. ಶಾಲೆಗೆ, ಸಂತೆಗೆ ಹೋಗುವವರು ಕಡಮೆಯಾದ ನಾಡಿನಲ್ಲಿ ನೋಡಲು ಬರುವವರಿಗಾಗಿಯೇ ಗಾಡಿ ಓಡುತ್ತದೆ.

ತಮ್ಮ ಕಥೆಯನ್ನು ತಾವೇ ಆಡುವ ಊರು

ಪಿಯೆಂಜಾದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಮೊಂತಿಕಿಯೆಲ್ಲೊ ಇದೆ. ಗೋಡೆ, ಗೋಪುರಗಳ ನಡುವಿನ ಈ ಹಳ್ಳಿಯಲ್ಲಿ ಉಳಿದಿರುವವರು ಇನ್ನೂರರ ಆಸುಪಾಸಿನ ಜನ. 1944ರ ಏಪ್ರಿಲ್ 6ರಂದು ಇಲ್ಲಿ ಗೆರಿಲ್ಲಾ ಹೋರಾಟಗಾರರಿಗೂ ಫ್ಯಾಸಿಸ್ಟ್ ಪಡೆಗೂ ಕಾಳಗ ನಡೆಯಿತು. ಮರುದಿನ ಜರ್ಮನ್ ಸೈನಿಕರು ಬಂದು ಊರಜನರನ್ನು ಗುಂಡಿಕ್ಕುವುದಕ್ಕಾಗಿ ಗೋಡೆಗೆ ನಿಲ್ಲಿಸಿದರು. ಊರಿನ ಪಾದ್ರಿಯೂ ಜರ್ಮನ್ ಭಾಷೆ ಬಲ್ಲ ಮಹಿಳೆಯೊಬ್ಬಳೂ ಅಡ್ಡಬಂದು ಬೇಡಿಕೊಂಡದ್ದರಿಂದ ಜೀವಗಳು ಉಳಿದವು.

ಸೈನಿಕರಿಂದ ಉಳಿದ ಊರು ಇಪ್ಪತ್ತು ವರ್ಷಗಳ ತರುವಾಯ ಜನರಿಲ್ಲದೆ ಸಾಯುವ ಸ್ಥಿತಿಗೆ ಬಂತು. ಆಗ ಉಳಿದವರು ಒಂದು ವಿಚಿತ್ರವಾದ ಕೆಲಸ ಮಾಡಿದರು. 1967ರಲ್ಲಿ ಊರಚೌಕದಲ್ಲಿ ತಾವೇ ನಾಟಕವಾಡಿದರು. ಮೊದಲು ಊರಿನ ಹಳೆಯ ಮುತ್ತಿಗೆಯ ಕಥೆ. ಎರಡು ವರ್ಷಗಳ ಬಳಿಕ ಏಪ್ರಿಲ್ 6ರ ಕಥೆ. ಗೋಡೆಗೆ ನಿಂತಿದ್ದವರೇ ಅದನ್ನು ನೋಡುವವರಲ್ಲಿಯೂ ಆಡುವವರಲ್ಲಿಯೂ ಇದ್ದರು. ಅನಂತರ ಅರ್ಧ ಪಾಲಿನ ಬದುಕು, ಅದರ ಅವಮಾನ, ಬಿಟ್ಟುಹೋದ ಮಕ್ಕಳು, ಮಾರಿಹೋದ ಮನೆಗಳು ಒಂದೊಂದಾಗಿ ರಂಗಕ್ಕೆ ಬಂದವು. ‘ಬಡ ರಂಗಭೂಮಿ’ ಎಂಬ ಅರ್ಥದ ‘ತೆಯಾತ್ರೊ ಪೋವೆರೊ’ ಎಂಬುದು ಅವರ ತಂಡದ ಹೆಸರು.

ಪದ್ಧತಿ ಹೀಗಿದೆ: ಚಳಿಗಾಲದಲ್ಲಿ ಊರವರು ಸಭೆ ಸೇರುತ್ತಾರೆ. ಈ ವರ್ಷ ನಮ್ಮನ್ನು ಕಾಡುತ್ತಿರುವುದೇನು ಎಂದು ಚರ್ಚೆಯಾಗುತ್ತದೆ. ವಾದವಾಗುತ್ತದೆ, ಮುನಿಸೂ ಆಗುತ್ತದೆ. ಅದರಿಂದಲೇ ನಾಟಕ ಹೊರಡುತ್ತದೆ. ಬೇಸಗೆಯ ರಾತ್ರಿಗಳಲ್ಲಿ, ಜುಲೈ-ಆಗಸ್ಟ್ ತಿಂಗಳುಗಳಲ್ಲಿ, ಚೌಕದಲ್ಲಿ ಪ್ರದರ್ಶನ. ಅಜ್ಜಿಯ ಪಾತ್ರಕ್ಕೆ ಬಣ್ಣ ಹಚ್ಚಬೇಕಾಗಿಲ್ಲ, ಅಜ್ಜಿಯೇ ಬರುತ್ತಾಳೆ. ಒಕ್ಕಲುತನದ ಕಾಲವನ್ನು ಕಣ್ಣಾರೆ ಕಂಡವರು ವರ್ಷವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ದೂರದ ಊರುಗಳಲ್ಲಿ ದುಡಿಯುವ ತರುಣರಿಗೆ ಅಭ್ಯಾಸಕ್ಕೆ ಬರಲು ಬಿಡುವಿಲ್ಲ. 2017ರಲ್ಲಿ ಅಮೆರಿಕದ ನಿರ್ದೇಶಕರಿಬ್ಬರು ಈ ಊರಿನ ಬಗ್ಗೆ ತಯಾರಿಸಿದ ‘ಸ್ಪೆತ್ತಾಕೊಲೊ’ ಎಂಬ ಸಾಕ್ಷ್ಯಚಿತ್ರದಲ್ಲಿ ಈ ಕಳವಳವೇ ಎದ್ದುಕಾಣುತ್ತದೆ. ನಾಟಕ ನಿಂತರೆ ಊರು ಉಳಿಯುವುದೆ, ಇಲ್ಲ ಊರು ನಿಂತಮೇಲೂ ನಾಟಕ ಆಡಲು ಸಾಧ್ಯವೆ ಎಂಬ ಪ್ರಶ್ನೆಯನ್ನು ಅವರು ಮರೆಮಾಚುವುದಿಲ್ಲ. ಅದನ್ನೂ ರಂಗದ ಮೇಲೆಯೇ ತರುತ್ತಾರೆ.

ಈ ಕಣಿವೆಯಲ್ಲಿ ಬಸ್ಸುಗಳು ವಿರಳ, ಭಾನುವಾರಗಳಲ್ಲಂತೂ ಇನ್ನೂ ವಿರಳ. ಆದ್ದರಿಂದ ಅವಸರದವರಿಗೆ ಈ ಪ್ರವಾಸ ಹೇಳಿದ್ದಲ್ಲ. ಹಸಿರು ಬೇಕಾದವರಿಗೆ ಏಪ್ರಿಲ್-ಮೇ ಪ್ರಶಸ್ತ. ಆದರೆ ಕೊಯ್ಲು ಮುಗಿದು, ದಿಬ್ಬಗಳೆಲ್ಲ ಕಂದುಬಣ್ಣಕ್ಕೆ ತಿರುಗಿ, ಚಿತ್ರಗ್ರಾಹಕರು ಮೂಗು ಮುರಿಯುವ ಬೇಸಗೆಯಲ್ಲಿಯೇ ಮೊಂತಿಕಿಯೆಲ್ಲೊದ ದೀಪಗಳು ಹೊತ್ತಿಕೊಳ್ಳುತ್ತವೆ.

ನಾಟಕ ಮುಗಿಯುವಾಗ ರಾತ್ರಿ ಬಹಳವಾಗಿರುತ್ತದೆ. ಆಡಿದವರು ವೇಷ ಕಳಚಿ ಕುರ್ಚಿಗಳನ್ನು ಎತ್ತಿಡುತ್ತಾರೆ, ಕಸ ಗುಡಿಸುತ್ತಾರೆ. ಬೆಳಗಾದರೆ ಅವರವರ ಕೆಲಸ ಅವರವರಿಗೆ. ಕೋಟೆಬಾಗಿಲಿನಿಂದ ಹೊರಗೆ ಬಂದ ಪ್ರವಾಸಿಗನ ಎದುರಿಗೆ ಅದೇ ಕಣಿವೆ, ಬೆಳುದಿಂಗಳಲ್ಲಿ ಅವೇ ದಿಬ್ಬಗಳು, ಅವೇ ಒಂಟಿ ಮನೆಗಳು. ಮುಂಜಾನೆ ಕೇವಲ ಚಿತ್ರದಂತೆ ಕಂಡಿದ್ದ ಆ ಮನೆಗಳಲ್ಲಿ ಈಗ ಅವನು ದೀಪವನ್ನು ಹುಡುಕುತ್ತಾನೆ. ಯಾವುದರಲ್ಲಿ ದೀಪವಿದೆ, ಯಾವುದರಲ್ಲಿ ಇಲ್ಲ ಎಂದು ಎಣಿಸುತ್ತ, ಬಿಳಿಯ ದಾರಿಯಲ್ಲಿ ಮೆಲ್ಲಗೆ ಇಳಿದುಹೋಗುತ್ತಾನೆ.